ಸೋಮವಾರಕ್ಕೆ ಆರೋ ಬೆಂಕಿ

1/8

ಮೊದಲೇ ಹೇಳ್ಬಿಡ್ತೀನಿ, ಇದು ಒಂದು ಕ್ಯಾಪ್ಷನ್‌ನಲ್ಲಿ ಮುಗಿಯೋ ಮಾತಲ್ಲ. ಎಂಟು ಪೋಸ್ಟ್ ಆಗುತ್ತೆ. ಫೋಟೋಗೆ ಲೈಕ್ ಒತ್ತಿ ಹೋಗೋರು ಹೋಗಬಹುದು, ಬೇಜಾರಿಲ್ಲ. ಆದರೆ ಯೂತ್ ಮೀಟಿಂಗ್‌ಗೆ ಬರೋರು, ಹಿಂದೆ ಬರ್ತಿದ್ದು ಈಗ ಬಿಟ್ಟೋರು, ನೀವಿಬ್ಬರೂ ದಯವಿಟ್ಟು ಕೊನೇ ತನಕ ಓದಿ. ಕ್ಲಾಸಿನ ಬೇರೆ ಗೆಳೆಯರೂ ಓದಬಹುದು. ಆರನೇ ಭಾಗದಲ್ಲಿ ನೀವೂ ಬರ್ತೀರ.

ನಮ್ಮ ಕ್ರೈಸ್ತ ಯುವಕರ ಕೂಟಗಳಲ್ಲಿ ಎರಡು ಪದಗಳನ್ನ ಸವೆಯೋಷ್ಟು ಬಳಸಿದ್ದೀವಿ. ಪ್ಯಾಷನ್, ಪರ್ಪಸ್. ಬ್ಯಾನರ್ ಮೇಲೆ ಅದೇ, ಟೀಶರ್ಟ್ ಮೇಲೆ ಅದೇ, ರೀಲ್ಸ್‌ನಲ್ಲೂ ಅದೇ. ಕ್ರಿಸ್ತನಿಗಾಗಿ ಉರಿಯಬೇಕು, ದೇವರು ನಿನಗಿಟ್ಟಿರೋ ಉದ್ದೇಶ ಕಂಡುಕೊಳ್ಳಬೇಕು. ಸರಿ, ತಪ್ಪೇನಿಲ್ಲ. ಆದರೆ ಒಬ್ಬ ಉರೀತಿದ್ದಾನೋ ಇಲ್ವೋ ಅಂತ ಅಳೆಯೋದು ಹೇಗೆ? ನನ್ನ ತಕರಾರು ಅಲ್ಲಿದೆ.

ಈಗ ನಾವು ಅಳೀತಿರೋದು ಹೀಗೆ. ಹಾಡುವಾಗ ಕೈ ಮೇಲೆ ಹೋಯ್ತಾ? ಕಣ್ಣಲ್ಲಿ ನೀರು ಬಂತಾ? ಕೀಬೋರ್ಡ್ ಮೆಲ್ಲಗಾಗಿ ಲೈಟ್ ಡಿಮ್ ಆದಾಗ ಮುಂದೆ ಹೋಗಿ ಮೊಣಕಾಲೂರಿದ್ಯಾ? ಹೌದು ಅಂದ್ರೆ ಬೆಂಕಿ, ಇಲ್ಲ ಅಂದ್ರೆ ತಣ್ಣಗೆ.

ಇದು ಸುಳ್ಳು ತಕ್ಕಡಿ. ಇದನ್ನ ನಂಬಿ ಪ್ರಾಮಾಣಿಕವಾಗಿರೋ ಹುಡುಗ ಹುಡುಗಿಯರು ಸಭೆ ಬಿಟ್ಟು ಹೋಗ್ತಿದ್ದಾರೆ. ಇದೇ ತಕ್ಕಡಿಯಲ್ಲಿ ಪಾಸಾಗಿ, ಸೋಮವಾರ ಬೆಳಿಗ್ಗೆ ಮೋಸ ಮಾಡೋರು ಮುಂದಿನ ಸಾಲಲ್ಲಿ ಆರಾಮಾಗಿ ಕೂತಿದ್ದಾರೆ.

2/8

ಗೆಳತಿಯೊಬ್ಬಳ ವಿಷಯ. ಅವಳನ್ನ ಕೇಳಿಯೇ ಬರೀತಿದ್ದೀನಿ, ಹೆಸರು ಊರು ಹಾಕಲ್ಲ.

ಫಸ್ಟ್ ಇಯರ್‌ನಲ್ಲಿ ಮೂರು ದಿನದ ಕ್ಯಾಂಪ್‌ಗೆ ಹೋದ್ಳು. ಕೊನೇ ರಾತ್ರಿ ತುಂಬಾ ಅತ್ಲು, ಸಾಕ್ಷಿ ಹೇಳಿದ್ಳು, ಎಲ್ಲರೂ ಚಪ್ಪಾಳೆ ಹೊಡೆದ್ರು. ಎರಡು ತಿಂಗಳಾದ ಮೇಲೆ ಪ್ರಾರ್ಥನೆಗೆ ಕೂತ್ರೆ ಏನೂ ಅನ್ನಿಸ್ತಿರ್ಲಿಲ್ಲ. ಗೋಡೆ ಜೊತೆ ಮಾತಾಡಿದ ಹಾಗೆ ಇತ್ತು ಅಂತಾಳೆ. ಧೈರ್ಯ ಮಾಡಿ ಲೀಡರ್ ಹತ್ರ ಹೇಳ್ಕೊಂಡಾಗ ಬಂದ ಉತ್ತರ: "ಗುಟ್ಟಾಗಿ ಯಾವುದೋ ಪಾಪ ಇಟ್ಕೊಂಡಿದ್ದೀಯ. ಉಗುರುಬೆಚ್ಚಗಾಗಿದ್ದೀಯ. ಪ್ರಕಟನೆ 3 ಓದು." ಪಾಪದ ಹುಡುಗಿ ಒಂದು ವಾರ ಕೂತು ಪಾಪ ಹುಡುಕಿದ್ಳು! ಹುಡುಕಿದಷ್ಟೂ ಸಿಗುತ್ತೆ ಬಿಡಿ, ಯಾರಿಗಾದ್ರೂ. ಸಿಕ್ಕಿದ್ದನ್ನೆಲ್ಲ ಒಪ್ಪಿಕೊಂಡ್ರೂ ಆ ಮೈ ಜುಂ ಅನ್ನೋ ಅನುಭವ ವಾಪಸ್ ಬರಲಿಲ್ಲ. "ಇದು ನನ್ನಂಥವಳಿಗಲ್ಲ" ಅಂದ್ಕೊಂಡು ಬರೋದೇ ನಿಲ್ಲಿಸಿದ್ಳು.

ಇನ್ನರ್ಧ ಈಗ ಕೇಳಿ. ಅದೇ ಹುಡುಗಿ ಕಣ್ಣು ಕಾಣದ ವಿದ್ಯಾರ್ಥಿನಿಯೊಬ್ಬಳಿಗೆ ಸ್ಕ್ರೈಬ್ ಆಗಿ ಪರೀಕ್ಷೆ ಬರೆದುಕೊಡ್ತಾಳೆ. ಬೇರೆ ಕಾಲೇಜು, ಎರಡು ಬಸ್ ಬದಲಿಸಿ ಹೋಗಬೇಕು. ಮೂರು ಗಂಟೆ ಕೂತು ಅವಳು ಹೇಳಿದ್ದನ್ನ ಹೇಳಿದ ಹಾಗೇ ಬರೀತಾಳೆ. ಉತ್ತರ ತಪ್ಪು ಅಂತ ಗೊತ್ತಾದ್ರೂ ತಿದ್ದೋ ಹಾಗಿಲ್ಲ, ಕೈ ತಡೆಯೋದೇ ದೊಡ್ಡ ಕಷ್ಟ ಅಂತಾಳೆ. ಇದರ ಬಗ್ಗೆ ಒಂದು ಸ್ಟೋರಿ ಕೂಡ ಹಾಕಿಲ್ಲ. ನನಗೆ ಗೊತ್ತಾಗಿದ್ದೇ ಆಕಸ್ಮಿಕವಾಗಿ.

ಇವಳು ತಣ್ಣಗಂತೆ.

3/8

ಆ ಲೀಡರ್ ಹೇಳಿದ ಅಧ್ಯಾಯವನ್ನೇ ಓದೋಣ ಬನ್ನಿ. ಪ್ರಕಟನೆ 3ರ ಕೊನೇ ಭಾಗ ಲವೊದಿಕೀಯ ಅನ್ನೋ ಊರಿನ ಸಭೆಗೆ ಬರೆದ ಪತ್ರ. ಬಿಸಿ ಅಂದ್ರೆ ಭಕ್ತಿ, ತಣ್ಣಗೆ ಅಂದ್ರೆ ಭಕ್ತಿ ಇಲ್ಲದಿರೋದು, ಬೆಚ್ಚಗೆ ಅಂದ್ರೆ ಎರಡರ ಮಧ್ಯೆ. ಹೀಗೇ ಕೇಳಿ ಬೆಳೆದಿದ್ದೀವಿ ಅಲ್ವಾ? ಆದರೆ ಆ ಪತ್ರದಲ್ಲಿ ಕ್ರಿಸ್ತ ಬಯಸೋದು ಏನು ನೋಡಿ. ಬಿಸಿಯಾಗಿಯಾದ್ರೂ ಇರಿ, ಇಲ್ಲಾಂದ್ರೆ ತಣ್ಣಗಾದ್ರೂ ಇರಿ ಅನ್ನೋ ಅರ್ಥದ ಮಾತು ಅಲ್ಲಿದೆ. ತಣ್ಣಗಿರೋದು ನಾಸ್ತಿಕತನ ಆಗಿದ್ರೆ ಅದನ್ನ ಆತ ಯಾಕೆ ಬಯಸಬೇಕು?

ಊರಿನ ನಕ್ಷೆ ತೆಗೀರಿ. ಇಂದಿನ ಟರ್ಕಿ. ಲವೊದಿಕೀಯದ ಹತ್ತಿರವೇ ಹಿಯರಾಪೊಲಿ ಇತ್ತು, ಬಿಸಿನೀರಿನ ಬುಗ್ಗೆಗಳ ಊರು. ಪಮುಕ್ಕಲೆ ಅಂತ ಹುಡುಕಿ, ಬಿಳೀ ಮೆಟ್ಟಿಲು ಮೆಟ್ಟಿಲಾಗಿರೋ ಆ ಕೊಳಗಳ ಫೋಟೋ ನೀವು ಈ ಆ್ಯಪ್‌ನಲ್ಲೇ ನೂರು ಸಲ ನೋಡಿರ್ತೀರ. ಇನ್ನೊಂದು ಕಡೆ ಬೆಟ್ಟದ ಬುಡದಲ್ಲಿ ಕೊಲೊಸ್ಸೆ, ಅಲ್ಲಿ ತಣ್ಣನೆ ನೀರು. ಬಿಸಿನೀರು ಮೈನೋವಿಗೆ ಆಗುತ್ತೆ, ತಣ್ಣೀರು ದಣಿವಿಗೆ ಆಗುತ್ತೆ. ಉಗುರುಬೆಚ್ಚಗಿನ ನೀರು ಬಾಯಿಗಿಟ್ಟರೆ ಉಗಿಯೋಕೆ ಮಾತ್ರ. ಹಾಗಾಗಿ ಬೈಬಲ್ ವಿದ್ವಾಂಸರಲ್ಲಿ ಅನೇಕರು ಈ ಮಾತನ್ನ ಬೇರೆ ಥರ ಓದ್ತಾರೆ: ನಿನ್ನೊಳಗೆ ಎಷ್ಟು ಶಾಖ ಇದೆ ಅನ್ನೋದು ಪ್ರಶ್ನೆಯೇ ಅಲ್ಲ, ನಿನ್ನಿಂದ ಯಾರಿಗಾದ್ರೂ ಉಪಯೋಗ ಇದ್ಯಾ ಅನ್ನೋದು ಪ್ರಶ್ನೆ.

ಇನ್ನೊಂದು ವಾಕ್ಯ ಮುಂದೆ ಹೋಗಿ. ಆ ಸಭೆಯ ಮೇಲಿನ ದೂರು "ನೀವು ಆರಾಧನೆಯಲ್ಲಿ ಅಳಲಿಲ್ಲ" ಅಂತಲ್ಲ. ನಾವು ಶ್ರೀಮಂತರು, ನಮಗೇನೂ ಬೇಕಿಲ್ಲ ಅಂದುಕೊಂಡದ್ದು ಅವರ ಮೇಲಿನ ದೂರು. ಲವೊದಿಕೀಯ ದುಡ್ಡಿನ ಊರು, ಲೇವಾದೇವಿಗೂ ಉಣ್ಣೆಗೂ ಹೆಸರಾದದ್ದು. ಕ್ರಿ.ಶ. 60ರ ಸುಮಾರಿಗೆ ಭೂಕಂಪ ಆದಾಗ ರೋಮ್‌ನ ಸಹಾಯ ಇಲ್ಲದೇ ಸ್ವಂತ ಬಲದ ಮೇಲೆ ಎದ್ದು ನಿಂತಿತು ಅಂತ ಟ್ಯಾಸಿಟಸ್ ಅನ್ನೋ ರೋಮನ್ ಇತಿಹಾಸಕಾರ ಬರೆದಿಟ್ಟಿದ್ದಾನೆ. ಅಂಥವರಿಗೆ ಬರೆದ ಪತ್ರ ತಗೊಂಡು, ಪ್ರಾರ್ಥನೆಯಲ್ಲಿ ಮನಸ್ಸು ಒಣಗಿದೆ ಅಂತ ಹೇಳ್ಕೊಂಡು ಬಂದ ಹದಿನೆಂಟು ವರ್ಷದ ಹುಡುಗಿ ತಲೆ ಮೇಲೆ ಹೊಡೆದ್ರಲ್ಲಪ್ಪ! ನನಗೇನೂ ಕೊರತೆ ಇಲ್ಲ ಅಂತ ಅವಳು ಯಾವಾಗ ಹೇಳಿದ್ಳು? ಕೊರತೆ ಇದೆ ಅಂತಾನೇ ಅಲ್ವಾ ಬಂದಿದ್ದು?

4/8

ಈಗ ಪ್ಯಾಷನ್ ಅನ್ನೋ ಪದಕ್ಕೆ ಬರೋಣ. ಅದರ ಲ್ಯಾಟಿನ್ ಬೇರಿಗೆ ನೋವು ಅನುಭವಿಸೋದು, ತಾಳಿಕೊಳ್ಳೋದು ಅಂತ ಅರ್ಥ. ಶುಭ ಶುಕ್ರವಾರದ ಕಥೆಗೆ ಇಂಗ್ಲಿಷ್‌ನಲ್ಲಿ ಪ್ಯಾಷನ್ ಅನ್ನೋದು ಅದಕ್ಕೇ. ನಮ್ಮ ಸಭೆಯ ಅಜ್ಜಿಯರು ಅದನ್ನೇ "ಕ್ರಿಸ್ತನ ಶ್ರಮೆ" ಅಂತಾರೆ. ಎಂಥ ಸರಿಯಾದ ಮಾತು! ನಾವು ಆ ಶ್ರಮೆಯನ್ನ ಕಿತ್ತು ಪಕ್ಕಕ್ಕಿಟ್ಟು ಅದರ ಕುರ್ಚಿಯಲ್ಲಿ ಉತ್ಸಾಹವನ್ನ ಕೂರಿಸಿದ್ವಿ. ಗೆತ್ಸೇಮನೆ ತೋಟದಲ್ಲಿ ಯೇಸುವಿಗೆ ಉತ್ಸಾಹ ಇತ್ತಾ? ಇದು ತಪ್ಪೋದಾದ್ರೆ ತಪ್ಪಲಿ ಅಂತ ಬೇಡಿಕೊಂಡ, ಆಮೇಲೆ ಎದ್ದು ಹೋದ. ನಮ್ಮ ತಕ್ಕಡಿಯಲ್ಲಿ ಆ ರಾತ್ರಿ ಆತನನ್ನೂ ತಣ್ಣಗೆ ಅಂತಲೇ ಬರ್ಕೊಳ್ತಿದ್ವೇನೋ.

ಎರಿಕ್ ಲಿಡೆಲ್ ಕಥೆ ಕ್ಯಾಂಪ್‌ಗಳಲ್ಲಿ ಕೇಳಿರ್ತೀರ. 1924, ಪ್ಯಾರಿಸ್ ಒಲಿಂಪಿಕ್ಸ್. 100 ಮೀಟರ್ ಹೀಟ್ಸ್ ಭಾನುವಾರ ಇದೆ ಅಂತ ಓಡೋದಿಲ್ಲ ಅಂದ. 400 ಮೀಟರ್ ಓಡಿ 47.6 ಸೆಕೆಂಡಲ್ಲಿ ಚಿನ್ನ ಗೆದ್ದ. ಸಿನಿಮಾ ಕೂಡ ಬಂತು. ನಮ್ಮವರು ಕಥೆಯನ್ನ ಅಲ್ಲಿಗೇ ನಿಲ್ಲಿಸ್ತಾರೆ, ಯಾಕಂದ್ರೆ ಚಪ್ಪಾಳೆ ಇರೋದು ಅಲ್ಲಿ.

ಮುಂದೇನಾಯ್ತು? ಮರುವರ್ಷವೇ ಚೀನಾಕ್ಕೆ ಹೋಗಿ ಟಿಯೆನ್‌ಸಿನ್ ಊರಲ್ಲಿ ವಿಜ್ಞಾನದ ಮೇಷ್ಟ್ರಾದ. ಆಮೇಲೆ ಹಳ್ಳಿಗಾಡಿನಲ್ಲಿ ಕೆಲಸ ಮಾಡಿದ. 1943ರಲ್ಲಿ ಜಪಾನಿ ಸೇನೆ ಅವನನ್ನ ವೈಷಿಯೆನ್ ಅನ್ನೋ ಬಂಧನ ಶಿಬಿರಕ್ಕೆ ಹಾಕಿತು. ಅಲ್ಲಿ ಮಕ್ಕಳಿಗೆ ಪಾಠ ಹೇಳ್ದ, ಆಟ ಆಡಿಸ್ದ. ಫೆಬ್ರವರಿ 1945ರಲ್ಲಿ ಮೆದುಳಿನ ಗೆಡ್ಡೆಯಿಂದ ಅಲ್ಲೇ ತೀರಿಕೊಂಡ. ವಯಸ್ಸು 43. ಹೆಂಡತಿ ಮಕ್ಕಳು ಕೆನಡಾದಲ್ಲಿದ್ರು, ಕೊನೇ ಮಗಳ ಮುಖವನ್ನ ಅವನು ನೋಡಲೇ ಇಲ್ಲ.

ಪ್ಯಾಷನ್ ಯಾವುದು ಹೇಳಿ. ಆ 47.6 ಸೆಕೆಂಡಾ, ಇಲ್ಲ ಆಮೇಲಿನ ಇಪ್ಪತ್ತು ವರ್ಷಾನಾ? ಶಿಬಿರದಲ್ಲಿ ಮಕ್ಕಳಿಗೆ ಪಾಠ ಮಾಡೋ ದಿನ ಅವನಿಗೆ ಮೈ ಜುಂ ಅಂತಿತ್ತಾ ಅಂತ ಯಾರೂ ಕೇಳಲ್ಲ. ಕೇಳಬೇಕಾಗೂ ಇಲ್ಲ.

5/8

ಪರ್ಪಸ್ ಬಗ್ಗೆ ಬೇಗ ಹೇಳಿ ಮುಗಿಸ್ತೀನಿ, ಯಾಕಂದ್ರೆ ಇದರಲ್ಲಿ ನನ್ನ ತಾಳ್ಮೆ ಕಮ್ಮಿ.

ದೇವರ ಉದ್ದೇಶ ಅನ್ನೋದನ್ನ ನಾವು ಲಾಟರಿ ರಿಸಲ್ಟ್ ಥರ ಮಾಡ್ಕೊಂಡಿದ್ದೀವಿ. ಎಲ್ಲೋ ಒಂದು ಕವರಲ್ಲಿ ಸೀಲ್ ಆಗಿದೆ, ಸರಿಯಾದ ಕ್ಯಾಂಪ್‌ನಲ್ಲಿ ಸರಿಯಾದ ರಾತ್ರಿ ತೆರೆಯುತ್ತೆ. ಅಲ್ಲೀ ತನಕ ಕಾಯೋದು. ಸಿಎ ಫೌಂಡೇಶನ್‌ಗೆ ಕಟ್ಟೋ ಅಂದ್ರೆ "ಕರೆ ಇನ್ನೂ ಸ್ಪಷ್ಟ ಆಗಿಲ್ಲ" ಅನ್ನೋರನ್ನ ನೋಡಿದ್ದೀನಿ. ಕರೆ ಸ್ಪಷ್ಟ ಇಲ್ಲ, ಆದರೆ ದಿನಕ್ಕೆ ಐದು ಗಂಟೆ ಗೇಮ್ ಆಡೋ ಕರೆ ಮಾತ್ರ ಬಹಳ ಸ್ಪಷ್ಟ.

ಬೆಂಗಳೂರಿನ ಎಂ.ಜಿ. ರೋಡ್‌ನಲ್ಲಿ ಕಿಟ್ಟೆಲ್ ಪ್ರತಿಮೆ ಮುಂದೆ ಎಷ್ಟು ಸಲ ಓಡಾಡಿದ್ದೀರ? ಫರ್ಡಿನಾಂಡ್ ಕಿಟ್ಟೆಲ್ 1853ರಲ್ಲಿ ಬಾಸೆಲ್ ಮಿಷನ್ನಿನಿಂದ ಬಂದ ಪಾದ್ರಿ. ಕನ್ನಡ–ಇಂಗ್ಲಿಷ್ ನಿಘಂಟು ಹೊರಬಂದದ್ದು 1894ರಲ್ಲಿ. ಸುಮಾರು 70,000 ಪದ. ಅ ಇಂದ ಶುರು ಮಾಡಿ, ಒಂದೊಂದು ಪದಕ್ಕೂ ಹಳೇ ಕಾವ್ಯ ತಿರುವಿ, ಜನರ ಬಾಯಿಂದ ಗಾದೆ ಕೇಳಿ, ಚೀಟಿ ಬರೆದು, ಜೋಡಿಸಿ, ಮತ್ತೆ ತಿದ್ದಿ. ಆ ಕೆಲಸದ ಯಾವ ಮಂಗಳವಾರ ಮಧ್ಯಾಹ್ನ ರೀಲ್ ಮಾಡೋ ಥರ ಇದ್ದಿರುತ್ತೆ ಹೇಳಿ? ಆದರೆ ಅದಿಲ್ಲದೇ ಇದ್ದಿದ್ರೆ ಕನ್ನಡ ಎಂಎ ಮಾಡ್ತಿರೋ ನನ್ನ ಅಕ್ಕನ ಟೇಬಲ್ ಮೇಲೆ ಆ ದಪ್ಪ ಪುಸ್ತಕ ಇರ್ತಿರ್ಲಿಲ್ಲ. ಅಕ್ಕ ಅದನ್ನ ದಿಂಬಾಗಿಯೂ ಬಳಸ್ತಾಳೆ, ಅದು ಬೇರೆ ಮಾತು.

ಇನ್ನೊಬ್ಬರು ಪಂಡಿತಾ ರಮಾಬಾಯಿ. ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿದವರು. ಬರಗಾಲದಲ್ಲಿ ಅಪ್ಪ ಅಮ್ಮನನ್ನ ಕಳ್ಕೊಂಡ್ರು. 1883ರಲ್ಲಿ ಇಂಗ್ಲೆಂಡ್‌ನಲ್ಲಿ ದೀಕ್ಷಾಸ್ನಾನ ತಗೊಂಡ್ರು, ತಗೊಂಡ ಮೇಲೂ ಅಲ್ಲಿನ ಚರ್ಚಿನವರ ಜೊತೆ ತ್ರಿಯೇಕತ್ವದ ಬಗ್ಗೆ, ಅಧಿಕಾರದ ಬಗ್ಗೆ ಕಾಗದ ಬರೆದು ಬರೆದು ವಾದ ಮಾಡಿದ್ರು. ನಮ್ಮ ಯೂತ್ ಗ್ರೂಪ್‌ನಲ್ಲಿ ಇದ್ದಿದ್ರೆ "ಪ್ರಶ್ನೆ ಜಾಸ್ತಿ, ವಿಶ್ವಾಸ ಕಮ್ಮಿ" ಅಂತ ಕೂರಿಸ್ತಿದ್ವಿ. ಅದೇ ಹೆಂಗಸು 1896–97ರ ಬರದಲ್ಲಿ ನೂರಾರು ಹೆಣ್ಣುಮಕ್ಕಳನ್ನ ಪುಣೆ ಹತ್ತಿರದ ಕೆಡ್‌ಗಾಂವ್‌ಗೆ ಕರ್ಕೊಂಡು ಬಂದು ಊಟ, ಓದು, ಕಸುಬು ಕೊಟ್ರು. ಗ್ರೀಕ್, ಹೀಬ್ರೂ ಕಲಿತು ಬೈಬಲ್ ಅನ್ನ ಮರಾಠಿಗೆ ತಂದ್ರು. ಹಸಿದ ಮಗು ಎದುರಿಗಿದ್ದಾಗ ಅವರು ಉದ್ದೇಶ ಹುಡುಕ್ತಾ ಕೂರಲಿಲ್ಲ.

6/8

ಈಗ ಬಿಕಾಂ ಮಕ್ಕಳಿಗೆ. ಗುಡ್‌ವಿಲ್ ಚಾಪ್ಟರ್ ನೆನಪಿದ್ಯಾ? ಕಂಪನಿ ತಾನೇ ಒಳಗೊಳಗೆ ಬೆಳೆಸಿಕೊಂಡ ಗುಡ್‌ವಿಲ್ ಅನ್ನ ಬ್ಯಾಲೆನ್ಸ್ ಶೀಟ್‌ನಲ್ಲಿ ಆಸ್ತಿ ಅಂತ ತೋರಿಸೋ ಹಾಗಿಲ್ಲ. ಬೆಲೆ ಕೊಟ್ಟು ಕೊಂಡಿದ್ರೆ ಮಾತ್ರ ತೋರಿಸಬಹುದು. ಯಾಕೆ? "ನಂದು ಒಳ್ಳೇ ಹೆಸರು" ಅಂತ ನೀನೇ ಹೇಳಿಕೊಂಡ್ರೆ ಅದಕ್ಕೆ ನಂಬೋ ಅಂಥ ಅಳತೆ ಇಲ್ಲ. ವೇದಿಕೆ ಮೇಲೆ ಹೇಳೋ ಸಾಕ್ಷಿಗಳಲ್ಲಿ ಮುಕ್ಕಾಲು ಪಾಲು ಇದೇ ಗುಡ್‌ವಿಲ್.

ಹಾಗಾದ್ರೆ ಬೆಲೆ ಕೊಟ್ಟದ್ದು ಹೇಗಿರುತ್ತೆ? ಲೂಕ 19, ಜಕ್ಕಾಯ. ಯೆರಿಕೋ ಊರಿನ ಸುಂಕದವರ ಮುಖ್ಯಸ್ಥ, ನಮ್ಮ ಫೀಲ್ಡಿನವನೇ. ಅವನು ಯೇಸುವನ್ನ ಸಂತೋಷದಿಂದ ಮನೆಗೆ ಕರ್ಕೊಂಡ ಅಂತ ಇದೆ, ಭಾವನೆಯ ಮಾತು ಅಷ್ಟೇ. ಉಳಿದದ್ದೆಲ್ಲ ಲೆಕ್ಕ. ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ಕಿತ್ಕೊಂಡಿದ್ರೆ ನಾಲ್ಕರಷ್ಟು ವಾಪಸ್. ಇದು ಬಾಯಿಗೆ ಬಂದ ಸಂಖ್ಯೆ ಅಲ್ಲ. ಮೋಶೆಯ ಧರ್ಮಶಾಸ್ತ್ರದಲ್ಲಿ ತಾನಾಗಿ ಒಪ್ಪಿಕೊಂಡೋನು ಅಸಲಿನ ಜೊತೆ ಐದನೇ ಒಂದು ಭಾಗ ಸೇರಿಸಿ ಕೊಟ್ರೆ ಸಾಕಿತ್ತು. ನಾಲ್ಕರಷ್ಟು ಅನ್ನೋದು ಕುರಿ ಕದ್ದು ಕೊಯ್ದವನಿಗೆ ಹಾಕಿದ ದಂಡ. ಜಕ್ಕಾಯ ತನ್ನನ್ನ ಕುರಿಗಳ್ಳನ ಸಾಲಿಗೆ ತಾನೇ ಸೇರಿಸ್ಕೊಂಡ, ಅದೂ ಎಲ್ಲರೆದುರು, ರೂಪಾಯಿ ಲೆಕ್ಕದಲ್ಲಿ.

ಇನ್ನು ನಮ್ಮ ಲೆಕ್ಕ ನೋಡಿ. ಭಾನುವಾರ ಕಣ್ಣೀರು, ಸೋಮವಾರ ಪ್ರಾಕ್ಸಿ ಅಟೆಂಡೆನ್ಸ್. ಶನಿವಾರ ರಾತ್ರಿ ಜಾಗರಣೆ ಪ್ರಾರ್ಥನೆ, ಮನೆಗೆ ಬಂದು ಮಧ್ಯಾಹ್ನದ ತನಕ ನಿದ್ದೆ, ತಟ್ಟೆ ತೊಳೆಯೋದು ಮಾತ್ರ ಅಮ್ಮ. ಇಂಟರ್ನ್‌ಶಿಪ್‌ನಲ್ಲಿ ಖರ್ಚಿನ ಸುಳ್ಳು ಬಿಲ್ ಹಾಕು ಅಂದ್ರೆ "ಎಲ್ಲರೂ ಹಾಕ್ತಾರೆ". ಗ್ರೂಪ್ ಪ್ರಾಜೆಕ್ಟ್‌ನಲ್ಲಿ ಒಬ್ಬಳು ಪೂರ್ತಿ ಟೈಪ್ ಮಾಡೋದು, ನಾಲ್ಕು ಜನರ ಹೆಸರು ಹಾಕೋದು, ಆ ನಾಲ್ಕರಲ್ಲಿ ಒಬ್ಬನ ಬಯೋದಲ್ಲಿ ಬೈಬಲ್ ವಚನ.

ಕ್ಲಾಸಿನ ಬೇರೆ ಗೆಳೆಯರೇ, ನೀವು ಬರೋದು ಇಲ್ಲಿ. ನಮ್ಮ ಪ್ಯಾಷನ್ ಎಷ್ಟಿದೆ ಅಂತ ನಮ್ಮ ಪಾಸ್ಟರ್‌ಗಿಂತ ನಿಮಗೆ ಚೆನ್ನಾಗಿ ಗೊತ್ತು. ಸಾಲ ಕೇಳಿ ವಾಪಸ್ ಕೊಡದೇ ಇದ್ದೋನು ಯಾರು, ಕ್ಯಾಂಟೀನ್‌ನಲ್ಲಿ ಟೇಬಲ್ ಒರೆಸೋ ಹುಡುಗನನ್ನ "ಏಯ್" ಅಂತ ಕರೆಯೋನು ಯಾರು ಅಂತ ನೀವು ನೋಡಿದ್ದೀರ. ನಮ್ಮ ಆಡಿಟರ್‌ಗಳು ನೀವೇ. ರಿಪೋರ್ಟ್‌ನಲ್ಲಿ ಏನು ಬರುತ್ತೋ ಬರಲಿ, ಧೈರ್ಯವಾಗಿ ಹೇಳಿ.

7/8

ಈ ಭಾಗ ಹಾಕಬೇಡ ಅಂದ್ರು ಇಬ್ಬರು. ಹಾಕ್ತಿದ್ದೀನಿ.

1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸ್ಥಾನಮಾನ ಹಿಂದೂಗಳಿಗೆ ಮಾತ್ರ ಇತ್ತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದ್ರು. ದಲಿತ ಕ್ರೈಸ್ತರು ಇನ್ನೂ ಹೊರಗೆ. ಅದಕ್ಕೇ ದೇಶದ ಅನೇಕ ಚರ್ಚುಗಳು ಪ್ರತಿ ವರ್ಷ ಆಗಸ್ಟ್ 10ನ್ನ ಕರಾಳ ದಿನವಾಗಿ ಆಚರಿಸ್ತಾರೆ. ದೀಕ್ಷಾಸ್ನಾನ ಆದ ಮಾತ್ರಕ್ಕೆ ಜಾತಿಯ ಗಾಯ ಹೋಗಲ್ಲ ಅನ್ನೋದು ನಮ್ಮ ವಾದ. ನ್ಯಾಯವಾದ ವಾದ, ನಾನೂ ಅದರ ಪರ.

ಆದರೆ ಆ ಗಾಯವನ್ನ ಹಸಿಯಾಗಿ ಇಟ್ಟಿರೋದು ಹೊರಗಿನವರು ಮಾತ್ರಾನಾ? ಕ್ರೈಸ್ತ ಮ್ಯಾಟ್ರಿಮೋನಿ ಪ್ರೊಫೈಲ್‌ಗಳನ್ನ ತೆಗೆದು ನೋಡಿ. ಸಭೆ ಯಾವುದು ಅಂತ ಕೇಳಿದ ಮೇಲೆ ಇನ್ನೊಂದು ಪ್ರಶ್ನೆ ಇರುತ್ತೆ. ನಮ್ಮ ಮನೆಗಳಲ್ಲಿ ಅದನ್ನ "ಮೂಲ ಯಾವುದು?" ಅಂತ ಸಭ್ಯವಾಗಿ ಕೇಳ್ತಾರೆ. ಒಂದೇ ರೊಟ್ಟಿ, ಒಂದೇ ಪಾತ್ರೆ ಅಂತ ಭಾನುವಾರ ಹೇಳಿದ ಬಾಯಿಂದ! ಯೂತ್ ಗ್ರೂಪ್‌ನಲ್ಲಿ ಒಟ್ಟಿಗೆ ಕೈ ಎತ್ತಿ ಹಾಡಿದ ಇಬ್ಬರು ಮದುವೆ ಆಗ್ತೀವಿ ಅಂದಾಗ ಎರಡೂ ಮನೆಯ ಪ್ರಾರ್ಥನೆಗಳು ಹೇಗೆ ಬದಲಾಗ್ತವೆ ಅಂತ ನಿಮಗೂ ಗೊತ್ತು. "ದೇವರ ಚಿತ್ತ ಅಲ್ಲ ಅನ್ಸುತ್ತೆ" ಅಂತಾರೆ. ದೇವರ ಚಿತ್ತಕ್ಕೆ ಜಾತಿ ಸರ್ಟಿಫಿಕೇಟ್ ಯಾವಾಗಿನಿಂದ ಬೇಕಾಯ್ತು?

ನಿನ್ನ ವಯಸ್ಸು ಇಪ್ಪತ್ತು. ಇನ್ನು ಐದಾರು ವರ್ಷಕ್ಕೆ ಈ ಪ್ರಶ್ನೆ ನಿನ್ನ ಮನೆಯ ಸೋಫಾ ಮೇಲೇ ಬಂದು ಕೂರುತ್ತೆ. ಅಪ್ಪ ಅಮ್ಮ, ಚಿಕ್ಕಪ್ಪ, ಪಾಸ್ಟರ್ ಅಂಕಲ್ ಎಲ್ಲ ಇರ್ತಾರೆ. ಅಲ್ಲಿ ಕೀಬೋರ್ಡ್ ಇರಲ್ಲ, ಲೈಟ್ ಡಿಮ್ ಆಗಿರಲ್ಲ. ವರದಕ್ಷಿಣೆಯ ಮಾತು "ಮಗಳಿಗೆ ನೀವು ಕೊಡೋದು ನಿಮ್ಮಿಷ್ಟ" ಅನ್ನೋ ವೇಷದಲ್ಲಿ ಬರುತ್ತೆ. ಆ ದಿನ ಬಾಯಿ ಬಿಟ್ಟು "ಬೇಡ" ಅನ್ನು. ಕ್ಯಾಂಪ್‌ನ ಕೊನೇ ರಾತ್ರಿ ಅತ್ತೆಯೋ ಇಲ್ವೋ ನಾನು ಕೇಳಲ್ಲ.

8/8

ಡ್ರಾಫ್ಟ್ ಓದಿದವರ ಆಕ್ಷೇಪಣೆಗಳು.

"ನೀನು ಭಾವನೆಗೇ ವಿರೋಧಿ." ಅಲ್ಲ. ದಾವೀದ ಮಂಜೂಷದ ಮುಂದೆ ಕುಣಿದಾಗ ಕಿಟಕಿಯಿಂದ ನೋಡಿ ಹೀಯಾಳಿಸಿದ್ದು ಮೀಕಲಳು, ನಾನು ದಾವೀದನ ಕಡೆ. ಹಾಡು ಬೇಕು, ಕಣ್ಣೀರು ಬಂದ್ರೆ ಬರಲಿ. ಅದನ್ನ ಮಾರ್ಕ್ಸ್ ಕಾರ್ಡ್ ಮಾಡಬೇಡಿ ಅನ್ನೋದಷ್ಟೇ ನನ್ನ ಮಾತು. ಕೀರ್ತನೆಗಳ ಪುಸ್ತಕದಲ್ಲೇ 88ನೇದು ಕತ್ತಲಲ್ಲಿ ಶುರುವಾಗಿ ಕತ್ತಲಲ್ಲೇ ಮುಗಿಯುತ್ತೆ. ಅದನ್ನ ಬರೆದವನನ್ನ ಯಾರೂ ಬೈಬಲ್‌ನಿಂದ ಹೊರಗೆ ಹಾಕಲಿಲ್ಲ.

"ರಕ್ಷಣೆ ಕೃಪೆಯಿಂದ, ಕ್ರಿಯೆಗಳಿಂದಲ್ಲ." ಗಟ್ಟಿ ಆಕ್ಷೇಪಣೆ ಇದೊಂದೇ, ಒಪ್ತೀನಿ. ಎಫೆಸ 2ರ 8, 9ನೇ ವಚನಗಳು ಎಲ್ಲರಿಗೂ ಬಾಯಿಪಾಠ. 10ನೇದಕ್ಕೆ ಯಾಕೆ ಯಾರೂ ಹೋಗಲ್ಲ? ಅದರಲ್ಲಿ ಸತ್ಕ್ರಿಯೆಗಳ ಮಾತಿದೆ, ನಮ್ಮನ್ನ ಸೃಷ್ಟಿಸಿದ್ದೇ ಅದಕ್ಕೆ ಅಂತ. ಜಕ್ಕಾಯನ ಕಥೆಯ ಕ್ರಮಾನೂ ನೋಡಿ. ದುಡ್ಡು ವಾಪಸ್ ಕೊಟ್ಟ ಮೇಲೆ ಯೇಸು ಅವನ ಮನೆಗೆ ಬರಲಿಲ್ಲ. ಮೊದಲು ಮರದಿಂದ ಇಳಿದು ಬಾ, ನಿನ್ನ ಮನೆಗೆ ಬರ್ತೀನಿ ಅಂದ. ಲೆಕ್ಕ ಆಮೇಲೆ ಬಂತು. ಆದರೆ ಬಂತು!

"ಹಾಗಾದ್ರೆ ಕ್ಯಾಂಪ್‌ಗೆ ಹೋಗ್ಬೇಕಾ ಬೇಡ್ವಾ?" ಹೋಗಿ. ಮುಂದಿನ ತಿಂಗಳು ನಾನೂ ಹೋಗ್ತಿದ್ದೀನಿ, ಅಡುಗೆ ಟೀಮ್‌ನಲ್ಲಿ. ಕೊನೇ ರಾತ್ರಿ ಯಾರಾದ್ರೂ ಬಂದು "ನನಗೇನೂ ಅನ್ನಿಸ್ತಿಲ್ಲ" ಅಂದ್ರೆ ಅವರ ಮೇಲೆ ಪ್ರಕಟನೆ 3 ಎಸೀಬೇಡಿ. ನನ್ನ ಹತ್ರ ಕಳಿಸಿ, ಈರುಳ್ಳಿ ಹೆಚ್ಚೋಕೆ ಜನ ಕಮ್ಮಿ ಇದ್ದಾರೆ.

ಎರಡನೇ ಭಾಗದ ಹುಡುಗಿ ಇದನ್ನ ಓದ್ತಾಳೆ ಅಂತ ಗೊತ್ತು. ನವೆಂಬರ್‌ನಲ್ಲಿ ಅವಳ ಸ್ಕ್ರೈಬ್ ಡ್ಯೂಟಿ ದಿನವೇ ಅವಳದ್ದೂ ಒಂದು ಪೇಪರ್ ಇದೆ, ಬೆಳಿಗ್ಗೆ ಅದು, ಮಧ್ಯಾಹ್ನ ಇದು. ಟೂ ವೀಲರ್ ಇರೋರು ಯಾರಾದ್ರೂ ಅವಳನ್ನ ಆ ಕಾಲೇಜಿಗೆ ಬಿಡೋಕಾಗುತ್ತಾ? ಮೆಸೇಜ್ ಮಾಡಿ, ಪೆಟ್ರೋಲ್ ನಂದು. ಜಗಳ ಮಾಡೋರು ಕಾಮೆಂಟ್‌ನಲ್ಲಿ ಮಾಡಿ, ಬುಧವಾರ ಕಾಸ್ಟ್ ಅಕೌಂಟಿಂಗ್ ಇಂಟರ್ನಲ್ ಇದೆ, ಉತ್ತರ ಗುರುವಾರ ಕೊಡ್ತೀನಿ.